ಎಣ್ಣೆ, ಸೊಪ್ಪು, ಮಾತ್ರೆ: ಜಾಥಾ ಮುಗಿದ ಮೇಲೆ ಕಾಲೇಜು ಮಾಡಬೇಕಾದ ಕೆಲಸ

ಮಾದಕವಸ್ತು ವಿರೋಧಿ ದಿನವಾದ ಜೂನ್ 26ಕ್ಕೆ ಬ್ಯಾನರ್ ಹಿಡಿದು ಜಾಥಾ, ಸಭಾಂಗಣದಲ್ಲಿ ಪ್ರತಿಜ್ಞೆ, ಠಾಣೆಯವರದೊಂದು ಭಾಷಣ, ಗ್ರೂಪ್ ಫೋಟೊ. ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಮಾದಕವಸ್ತು ತಡೆ ಅಲ್ಲಿಗೆ ಮುಗಿಯುತ್ತದೆ. ಕೊಳೆತ ಲಿವರ್‌ನ ಚಿತ್ರ ತೋರಿಸಿ ಹೆದರಿಸಿದರೆ ಹತ್ತೊಂಬತ್ತರ ಹುಡುಗ ಎರಡು ದಿನ ಹೆದರುತ್ತಾನೆ. ಮೂರನೆಯ ದಿನ, ವರ್ಷದಿಂದ ಸೊಪ್ಪು, ಅಂದರೆ ಗಾಂಜಾ, ಸೇದುತ್ತಿರುವ ಸೀನಿಯರ್ ಕ್ಯಾಂಪಸ್ ಇಂಟರ್‌ವ್ಯೂ ಪಾಸಾಗಿದ್ದು ಕಾಣಿಸುತ್ತದೆ. ಆಮೇಲೆ ನೀವು ಹೇಳಿದ ನಿಜವನ್ನೂ ಅವನು ನಂಬುವುದಿಲ್ಲ.

ಹಾಸ್ಟೆಲ್ ಇರುವ ಡಿಗ್ರಿ ಅಥವಾ ಎಂಜಿನಿಯರಿಂಗ್ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಕ್ರಮಗಳನ್ನು ಹೇಳಿದೆ. ಬೇಕಾದವರು ಎಂಟು ಹತ್ತು ಜನ: ಪ್ರಿನ್ಸಿಪಾಲ್, ವಾರ್ಡನ್, ನಾಲ್ಕೈದು ಮೆಂಟರ್‌ಗಳು, ಒಬ್ಬ ಆಪ್ತಸಮಾಲೋಚಕರು, ಇಬ್ಬರು ನಂಬಿಕಸ್ಥ ಸೀನಿಯರ್‌ಗಳು. ದೊಡ್ಡ ಖರ್ಚೇನಿಲ್ಲ.

ಮೊದಲು ಒಂದು ಪುಟದ ನಿಯಮ

ಮಾರುವವನನ್ನೂ ಸೇದುವವನನ್ನೂ ಒಂದೇ ತಕ್ಕಡಿಯಲ್ಲಿಟ್ಟ ಕಾಲೇಜಿನಲ್ಲಿ ಉಳಿದ ಯಾವ ಕೆಲಸವೂ ನಡೆಯುವುದಿಲ್ಲ. 'ಸಿಕ್ಕಿಬಿದ್ದರೆ ಡಿಬಾರ್' ಎಂದು ಬೋರ್ಡ್ ಹಾಕಿದರೆ, ರಾತ್ರಿ ರೂಮ್‌ಮೇಟ್ ಪ್ರಜ್ಞೆ ತಪ್ಪಿ ಬಿದ್ದಾಗ ಹುಡುಗರು ವಾರ್ಡನ್‌ಗೆ ಫೋನ್ ಮಾಡುವುದಿಲ್ಲ, ಒಳಗಿನಿಂದ ಚಿಲಕ ಹಾಕುತ್ತಾರೆ. ಹಾಗಾಗಿ ನಿಯಮದಲ್ಲಿ ಮೂರು ಮಾತು ಸ್ಪಷ್ಟವಾಗಿರಲಿ. ಮಾರಿದರೆ ಅಥವಾ ಇನ್ನೊಬ್ಬರಿಗೆ ತಂದುಕೊಟ್ಟರೆ ಪೊಲೀಸ್. ಬಳಸುತ್ತಿರುವುದು ಗೊತ್ತಾದರೆ ಮೊದಲು ಸಮಾಲೋಚನೆ. ಜೀವಕ್ಕೆ ಅಪಾಯವೆಂದು ಸಹಾಯ ಕೇಳಿದರೆ, ಕರೆದವರ ಮೇಲೂ ಬಿದ್ದವರ ಮೇಲೂ ಆ ರಾತ್ರಿಯ ಕುಡಿತಕ್ಕಾಗಿ ಕಾಲೇಜಿನಿಂದ ಶಿಸ್ತುಕ್ರಮವಿಲ್ಲ. ಈ ಮೂರನೆಯ ವಾಕ್ಯಕ್ಕೆ ಆಡಳಿತ ಮಂಡಳಿಯಲ್ಲಿ ತಕರಾರು ಬರುತ್ತದೆ. ಬಿಟ್ಟುಕೊಡಬೇಡಿ. ಜೀವ ಉಳಿಸುವ ವಾಕ್ಯ ಅದೊಂದೇ.

1985ರ ಮಾದಕವಸ್ತು ತಡೆ ಕಾಯ್ದೆಯ (ಎನ್‌ಡಿಪಿಎಸ್) ನಿಲುವೂ ಇದಕ್ಕೆ ಹತ್ತಿರವೇ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ, 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಹಾಗೆಂದು 'ಅಲ್ಪ ಪ್ರಮಾಣ ತಾನೆ' ಎಂಬ ಹಾಸ್ಟೆಲ್ ಲೆಕ್ಕಾಚಾರವನ್ನು ನಂಬಬಾರದು. ಗಾಂಜಾದಲ್ಲಿ ಅಲ್ಪ ಪ್ರಮಾಣ 1 ಕೆ.ಜಿ.ವರೆಗೆ, ನಿಜ. ಅದಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಪಾರ್ಟಿಗಳಲ್ಲಿ ಓಡಾಡುವ ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು ಅರ್ಧ ಗ್ರಾಂ ದಾಟಿದರೆ ಅಲ್ಪವಲ್ಲ. 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅಲ್ಲಿಂದ ಶಿಕ್ಷೆ ಕನಿಷ್ಠ 10 ವರ್ಷ. ಬೆರೆಸಿದ ಪುಡಿಯ ತೂಕವೂ ಲೆಕ್ಕಕ್ಕೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಾಲ್ವರು ದುಡ್ಡು ಹಾಕಿ, ಒಬ್ಬ ಹೋಗಿ ತಂದು ಹಂಚಿದರೆ, ಅವರ ಪಾಲಿಗೆ ಅದು 'ಶೇರಿಂಗ್'. ಕಾನೂನಿನ ಪಾಲಿಗೆ ತಂದವನು ಸರಬರಾಜುದಾರ. ಬಹಳ ಹುಡುಗರಿಗೆ ಈ ಒಂದು ಸಂಗತಿ ಗೊತ್ತಿರುವುದಿಲ್ಲ. ಓರಿಯೆಂಟೇಶನ್‌ನಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ವಾರ್ಡನ್‌ಗಳಿಗೂ ಪಿಜಿ ನಡೆಸುವವರಿಗೂ ಒಂದು ಮಾತು. ಗೊತ್ತಿದ್ದೂ ಜಾಗ ಕೊಟ್ಟವರು ಇದೇ ಕಾಯ್ದೆಯ 25ನೇ ಕಲಂ ಅಡಿ ಸಿಕ್ಕಿಕೊಳ್ಳುತ್ತಾರೆ. ರೂಮಿನಲ್ಲಿ ಪೊಟ್ಟಣ ಸಿಕ್ಕರೆ ಟಾಯ್ಲೆಟ್‌ಗೆ ಸುರಿಯಬೇಡಿ, ಅದು ಸಾಕ್ಷ್ಯನಾಶ. ಆಫೀಸಿನ ಡ್ರಾಯರ್‌ನಲ್ಲೂ ಇಡಬೇಡಿ, ಆಗ ಅದು ನಿಮ್ಮ ವಶದಲ್ಲಿದ್ದಂತೆ. ಮುಟ್ಟದೆ, ಇಬ್ಬರು ಸಾಕ್ಷಿಗಳ ಎದುರು ಕೋಣೆಗೆ ಬೀಗ ಹಾಕಿ, ಸಮಯ ಬರೆದಿಟ್ಟು ಠಾಣೆಗೆ ತಿಳಿಸಿ.

ಯಾವ ವಾರ, ಯಾವ ಹೊತ್ತು

ಕುಡಿತ ವರ್ಷಪೂರ್ತಿ ಒಂದೇ ಸಮ ಇರುವುದಿಲ್ಲ. ಮೊದಲ ವರ್ಷದವರ ಮೊದಲ ಆರು ವಾರ ಎಲ್ಲಕ್ಕಿಂತ ಸೂಕ್ಷ್ಮ: ಊರು ಬಿಟ್ಟ ಒಂಟಿತನ, ಸ್ನೇಹಿತರಿಲ್ಲದ ಸಂಜೆ, ಸೀನಿಯರ್‌ಗಳ ಫ್ರೆಶರ್ಸ್ ಪಾರ್ಟಿ. ಆಮೇಲಿನ ಉಬ್ಬರಗಳು ಇಂಟರ್ನಲ್ಸ್ ಮುಗಿದ ಸಂಜೆ, ಫೆಸ್ಟ್, ಗೋಕರ್ಣ ಅಥವಾ ಗೋವಾ ಟ್ರಿಪ್, ರಿಸಲ್ಟ್ ಬಂದು ಬ್ಯಾಕ್ ಉಳಿದ ರಾತ್ರಿ. ಹಬ್ಬಕ್ಕೆ ಊರಿಗೆ ಹೋಗದೆ ಉಳಿದ ನಾಲ್ಕು ಹುಡುಗರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ರಜೆಯಲ್ಲಿ ಮೆಸ್ಸೂ ಮುಚ್ಚಿರುತ್ತದೆ. ಅಂಥ ದಿನಗಳಲ್ಲಿ ಒಂದು ಹೊತ್ತಿನ ಊಟವನ್ನಾದರೂ ವಾರ್ಡನ್ ಜೊತೆಗೇ ಇಡಿ.

ಕ್ಲಾಸ್ ಶುರುವಾದ 10 ದಿನದೊಳಗೆ ಸೆಕ್ಷನ್‌ವಾರು ಒಂದು ಗಂಟೆಯ ತರಗತಿ ಮಾಡಿ. ಒಬ್ಬ ಮೆಂಟರ್‌ಗೆ 20 ವಿದ್ಯಾರ್ಥಿಗಳು ಸಾಕು. 60 ಜನರನ್ನು ಕೊಟ್ಟರೆ ಅದು ಹಾಜರಾತಿ ಪಟ್ಟಿಯಾಗುತ್ತದೆ, ಮೆಂಟರಿಂಗ್ ಆಗುವುದಿಲ್ಲ. ಮೂರನೆಯ ಮತ್ತು ಆರನೆಯ ವಾರ ಪ್ರತಿಯೊಬ್ಬರ ಜೊತೆ ಹತ್ತು ನಿಮಿಷ, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿ. ಊಟ, ನಿದ್ದೆ, ರೂಮ್‌ಮೇಟ್, ಮನೆ. ಕುಡಿತದ ಮಾತು ಎತ್ತಲೇಬೇಕೆಂದಿಲ್ಲ.

ಸಂಜೆ 6ರಿಂದ 10 ಹಾಸ್ಟೆಲ್‌ನ ಖಾಲಿ ಹೊತ್ತು. ಅದರಲ್ಲೂ ಶನಿವಾರ. ಶಟಲ್ ಕೋರ್ಟಿನ ದೀಪ, ಲೈಬ್ರರಿ, ಕ್ಯಾಂಟೀನ್ ಇವಿಷ್ಟು 10ರವರೆಗೆ ತೆರೆದಿದ್ದರೆ ಅರ್ಧ ಕೆಲಸ ಆದಂತೆ. ಏಳಕ್ಕೇ ಎಲ್ಲ ಬಂದ್ ಮಾಡಿ, ಎದುರಿನ ಬಾರ್ ಹನ್ನೊಂದರವರೆಗೆ ತೆರೆದಿದ್ದರೆ ಹುಡುಗರು ಎಲ್ಲಿರುತ್ತಾರೆಂದು ಬೇರೆ ಹೇಳಬೇಕೆ? ಕುಡಿಯುವಂತೆ ಜೂನಿಯರ್‌ಗಳನ್ನು ಒತ್ತಾಯಿಸುವುದು 'ಟ್ರೀಟ್' ಅಲ್ಲ, ರ‍್ಯಾಗಿಂಗ್. ಅದನ್ನು ಯುಜಿಸಿಯ 2009ರ ನಿಯಮಗಳ ಪ್ರಕಾರವೇ ನೋಡಬೇಕು. ರ‍್ಯಾಗಿಂಗ್ ಸಹಾಯವಾಣಿ 1800-180-5522.

ಕಾಲೇಜಿನ 100 ಮೀಟರ್ ಒಳಗೆ ಸಿಗರೇಟು ಮಾರುವಂತಿಲ್ಲ. ಗೇಟಿನಿಂದ ಟೇಪ್ ಹಿಡಿದು ಅಳೆಯಿರಿ, ಫೋಟೊ ಸಮೇತ ತಾಲ್ಲೂಕು ಆರೋಗ್ಯಾಧಿಕಾರಿಗೂ ಠಾಣೆಗೂ ಬರೆಯಿರಿ, ತಿಂಗಳಿಗೊಮ್ಮೆ ನೆನಪಿಸಿ. 21 ತುಂಬದವರಿಗೆ ಮದ್ಯ ಮಾರಬಾರದೆಂದು ರಾಜ್ಯದ ಅಬಕಾರಿ ಲೈಸೆನ್ಸ್ ನಿಯಮ ಹೇಳುತ್ತದೆ. ಐಡಿ ಕಾರ್ಡ್ ಕೊರಳಲ್ಲೇ ತೂಗುತ್ತಿದ್ದವರಿಗೂ ಎಂಆರ್‌ಪಿ ಅಂಗಡಿಯವರು ಬಾಟಲಿ ಕೊಡುತ್ತಿದ್ದರೆ ಅಬಕಾರಿ ಇಲಾಖೆಗೆ ಲಿಖಿತವಾಗಿ ದೂರು ಕೊಡಿ. ಬಾಯಿಮಾತಿನ ದೂರಿಗೆ ಬೆಲೆ ಇಲ್ಲ.

ಆ ಒಂದು ಗಂಟೆಯಲ್ಲಿ ಏನು ಕಲಿಸಬೇಕು

ಬೋರ್ಡಿನ ಮೇಲೆ ಲೆಕ್ಕ ಮಾಡಿಸಿ. ಮಿಲಿ × ಶೇಕಡಾ ÷ 100 × 0.789, ಇಷ್ಟು ಗ್ರಾಂ ಶುದ್ಧ ಆಲ್ಕೋಹಾಲ್. 42.8 ಶೇಕಡಾ ವಿಸ್ಕಿಯ 30 ಮಿಲಿಯ ಪೆಗ್‌ನಲ್ಲಿ ಸುಮಾರು 10 ಗ್ರಾಂ. ಇದನ್ನು ಒಂದು ಡ್ರಿಂಕ್ ಎಂದಿಟ್ಟುಕೊಳ್ಳಿ. 90ರ ಪೌಚ್ ಎಂದರೆ ಮೂರು, 180ರ ಕ್ವಾರ್ಟರ್ ಎಂದರೆ ಆರು. ಈಗ 'ನಾನು ಬರೀ ಬಿಯರ್ ಸರ್' ಎನ್ನುವವನನ್ನೇ ಬೋರ್ಡಿಗೆ ಕರೆಯಿರಿ. 8 ಶೇಕಡಾ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್. ಕ್ಲಾಸು ಗೊಳ್ಳೆಂದು ನಗುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಲೆಕ್ಕ ಮುಂದುವರಿಸಿ. ಲಿವರ್ ಕರಗಿಸುವುದು ಗಂಟೆಗೆ ಸರಿಸುಮಾರು 7ರಿಂದ 10 ಗ್ರಾಂ. ರಾತ್ರಿ ಹತ್ತಕ್ಕೆ ಮುಗಿಸಿದ ಕ್ವಾರ್ಟರ್ ಪೂರ್ತಿ ಇಳಿಯಲು ಬೆಳಗಿನ ನಾಲ್ಕರಿಂದ ಏಳಾಗಬಹುದು. ಆರಕ್ಕೆ ಬೈಕ್ ಹತ್ತುವವನು ಇನ್ನೂ ನಶೆಯಲ್ಲೇ ಇರಬಹುದು. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು, ಕಾಫಿ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಎರಡನೆಯ ಕೆಲಸ ಚೀಟಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್, ಹೆಸರು ನಂಬರ್ ಇಲ್ಲ. ಎರಡೇ ಪ್ರಶ್ನೆ: ಕಳೆದ 30 ದಿನದಲ್ಲಿ ನೀನು ಕುಡಿದಿದ್ದೀಯಾ? ನಿನ್ನ ಕ್ಲಾಸಿನ ನೂರರಲ್ಲಿ ಎಷ್ಟು ಜನ ಕುಡಿದಿರಬಹುದು? ಎರಡನೆಯ ಉತ್ತರ ಸಾಮಾನ್ಯವಾಗಿ ನಿಜಕ್ಕಿಂತ ಬಹಳ ಹೆಚ್ಚಿರುತ್ತದೆ. ಕುಡಿದವರ ಗಲಾಟೆ ಕಣ್ಣಿಗೆ ಬೀಳುತ್ತದೆ, ರೂಮಿನಲ್ಲಿ ಮಲಗಿದವರು ಕಾಣುವುದಿಲ್ಲ. 'ಎಲ್ಲರೂ ಕುಡೀತಾರೆ' ಎಂಬ ಭ್ರಮೆ ಒಡೆಯಲು ಅವರದೇ ಕ್ಲಾಸಿನ ಅಂಕಿಗಿಂತ ಒಳ್ಳೆಯ ಅಸ್ತ್ರವಿಲ್ಲ. ಕಾಲೇಜಿನ ಇಮೇಲ್‌ನಿಂದ ಲಾಗಿನ್ ಆಗಬೇಕಾದ ಗೂಗಲ್ ಫಾರ್ಮ್ ಕೊಟ್ಟರೆ ಮಾತ್ರ ಎಲ್ಲರೂ ಗಾಂಧೀಜಿಯಾಗಿಬಿಡುತ್ತಾರೆ. ಇನ್ನೊಂದು ಎಚ್ಚರ: ಫೈನಲ್ ಇಯರ್ ಹಾಸ್ಟೆಲ್‌ನಂಥ ಕಡೆ ನಿಜವಾದ ಅಂಕಿಯೇ ಹೆಚ್ಚಿರಬಹುದು. ಆಗ ಅದನ್ನು ಪ್ರಕಟಿಸಬೇಡಿ, ಪ್ರೋತ್ಸಾಹ ಕೊಟ್ಟಂತಾಗುತ್ತದೆ.

ಗಾಂಜಾ ವಿಷಯದಲ್ಲಿ ಉತ್ಪ್ರೇಕ್ಷೆ ಬೇಡ. ಸೇದಿದವರೆಲ್ಲ ಹುಚ್ಚರಾಗುವುದಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ, ಹದಿಹರೆಯದಲ್ಲೇ ಶುರು ಮಾಡಿದವರಿಗೆ, ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಕಡುವಾದ ಹೈಡ್ರೋ ಗಾಂಜಾ ದಿನವೂ ಸೇದುವವರಿಗೆ ಸೈಕೋಸಿಸ್‌ನ (ವಾಸ್ತವದ ಅರಿವು ತಪ್ಪುವ ಮನೋರೋಗ) ಅಪಾಯ ನಿಜವಾಗಿಯೂ ಹೆಚ್ಚು. ಓದಿದ್ದು ತಲೆಯಲ್ಲಿ ನಿಲ್ಲದಿರುವುದು ದಿನಾ ಸೇದುವವರಿಗೆ ಗೊತ್ತಿರುವ ಸಂಗತಿ, ಅವರ ಬಾಯಿಂದಲೇ ಬರಲಿ. ನಿದ್ದೆಮಾತ್ರೆ, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳ ಬಗ್ಗೆ ಒಂದು ವಾಕ್ಯ ಖಂಡಿತ ಹೇಳಿ: ಇವು ಮದ್ಯದ ಜೊತೆ ಸೇರಿದರೆ ಉಸಿರಾಟ ನಿಲ್ಲಬಹುದು. ವೈಟ್‌ನರ್, ಪಂಕ್ಚರ್ ಸಲ್ಯೂಷನ್ ಮೂಸುವುದರಲ್ಲಿ ಮೊದಲ ಸಲವೇ ಹೃದಯ ನಿಂತ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿವೆ.

ಬೇಡ ಎನ್ನುವುದನ್ನೂ ಅಭ್ಯಾಸ ಮಾಡಿಸಬೇಕು. 'ಒಂದೇ ಪೆಗ್ ಮಗಾ' ಎಂದಾಗ 'ನಾಳೆ ಲ್ಯಾಬ್ ಇದೆ' ಎಂದು ಕಾರಣ ಕೊಟ್ಟರೆ, ಆ ಕಾರಣದ ಮೇಲೆ ವಾದ ಶುರುವಾಗುತ್ತದೆ. ಕಾರಣ ಕೊಡದಿರುವುದೇ ಉಪಾಯ: 'ನಂಗೆ ಬೇಡ ಕಣೋ. ಆ ಕಬಾಬ್ ಇತ್ತ ತಳ್ಳು.' ಕೈಯಲ್ಲಿ ಸೋಡಾ ತುಂಬಿದ ಗ್ಲಾಸ್ ಇದ್ದರೆ ಅರ್ಧ ಒತ್ತಾಯ ಬರುವುದೇ ಇಲ್ಲ. ವಾಪಸ್ ಬರಲು ಆಟೋ ದುಡ್ಡು ಬೇರೆ ಜೇಬಿನಲ್ಲಿರಲಿ.

ವ್ಯಸನದಿಂದ ಹೊರಬಂದವರನ್ನು ಕರೆಸಿ ಕಥೆ ಹೇಳಿಸುವುದು ಜನಪ್ರಿಯ. ಕಣ್ಣೀರೂ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ 'ಇಷ್ಟೆಲ್ಲ ಮಾಡಿ ಕೊನೆಗೆ ಸರಿಹೋದನಲ್ಲ' ಎಂಬುದೂ ಹುಡುಗರ ತಲೆಗೆ ಹೋಗುತ್ತದೆ. ಚಿಕಿತ್ಸೆಯಲ್ಲಿರುವವರಿಗೆ ಅಂಥವರ ಮಾತು ಬಲ. ಇಡೀ ಕಾಲೇಜಿಗೆ ತಡೆ ಕಾರ್ಯಕ್ರಮವಾಗಿ ಅದು ಕೆಲಸ ಮಾಡುವುದಿಲ್ಲ.

ಗಮನಿಸುವುದು, ಕರೆದು ಮಾತಾಡುವುದು

ಗಡ್ಡ, ಕಿವಿಯೋಲೆ, ಕೆಂಪು ಕಣ್ಣು ಲಕ್ಷಣಗಳಲ್ಲ. ಹುಡುಗ ಅಥವಾ ಹುಡುಗಿ ತಾನು ಮೊದಲಿದ್ದ ಹಾಗೆ ಈಗಿಲ್ಲ ಎಂಬುದು ಲಕ್ಷಣ. ಸೋಮವಾರದ ಮೊದಲ ಪೀರಿಯಡ್ ಸತತ ಗೈರು, ಎರಡು ಇಂಟರ್ನಲ್ಸ್ ನಡುವೆ ಅಂಕ ಕುಸಿತ, ಮೂರು ನಾಲ್ಕು ಜನರ ಹತ್ತಿರ ಕೈಸಾಲ, ಮೆಸ್ ಬಿಡುವುದು, ಹಳೆ ಗೆಳೆಯರಿಂದ ದೂರ. ಒಂದೇ ತಿಂಗಳಲ್ಲಿ ಇವುಗಳಲ್ಲಿ ಎರಡು ಕಂಡರೆ ಕರೆಯಿರಿ. ಇದು ಖಿನ್ನತೆಯಿರಬಹುದು, ಪ್ರೇಮದ ಪೆಟ್ಟಿರಬಹುದು, ಆನ್‌ಲೈನ್ ಬೆಟ್ಟಿಂಗ್ ಸಾಲವಿರಬಹುದು. ಹಾಗಾಗಿ 'ನೀನು ಗಾಂಜಾ ಹೊಡೀತೀಯಂತೆ' ಎಂದು ಶುರು ಮಾಡಿದರೆ ಮಾತು ಅಲ್ಲೇ ಸಾಯುತ್ತದೆ.

ಸ್ಟಾಫ್ ರೂಮ್ ಬೇಡ, ಅಲ್ಲಿ ಹತ್ತು ಕಿವಿ. ಖಾಲಿ ಕ್ಲಾಸ್‌ರೂಮ್, ಅರ್ಧ ತೆರೆದ ಬಾಗಿಲು, ಮೇಜಿನ ಅಡ್ಡವಿಲ್ಲದ ಎರಡು ಕುರ್ಚಿ.

'ಕೂತ್ಕೊಳ್ಳಪ್ಪ. ಮೂರು ಸೋಮವಾರದಿಂದ ನೀನು ಕಾಣ್ತಿಲ್ಲ. ಎರಡನೇ ಇಂಟರ್ನಲ್ಸ್‌ನಲ್ಲಿ ಹದಿನೆಂಟರಿಂದ ಏಳಕ್ಕೆ ಬಂದಿದೀಯ. ಬೈಯೋಕೆ ಕರೆದಿಲ್ಲ. ಏನು ನಡೀತಿದೆ?'

'ಏನಿಲ್ಲ ಸರ್.'

ಇಲ್ಲಿ ಸುಮ್ಮನಿರಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ. ಬಹಳ ಮೇಷ್ಟ್ರುಗಳು ಸೋಲುವುದು ಈ ಹತ್ತು ಸೆಕೆಂಡಿನಲ್ಲೇ, ಉಪದೇಶ ಶುರುವಾಗಿಬಿಡುತ್ತದೆ.

'ರಾತ್ರಿ ನಿದ್ದೆ ಬರಲ್ಲ ಸರ್... ಅದಕ್ಕೆ ಒಂಚೂರು...'

'ಒಂಚೂರು ಅಂದ್ರೆ? ವಾರಕ್ಕೆ ಎಷ್ಟು ದಿನ?'

'ಮೂರು. ಒಂದೊಂದು ಸಲ ನಾಲ್ಕು.'

'ಅದರಿಂದ ನಿಂಗೆ ಅನುಕೂಲ ಏನಾಗ್ತಿದೆ? ಏನು ಕೆಡ್ತಿದೆ?'

ಅನುಕೂಲವನ್ನೇ ಮೊದಲು ಕೇಳುವುದಕ್ಕೆ ಕಾರಣವಿದೆ. ನಿದ್ದೆಗಾಗಿ ಕುಡಿಯುವವನಿಗೆ ಬೇಕಾಗಿರುವುದು ನಿದ್ದೆಯ ಚಿಕಿತ್ಸೆ. ಕೆಡುಕನ್ನು ಅವನೇ ಹೇಳಿದರೆ ಬದಲಾವಣೆಯ ಮಾತೂ ಅವನದೇ ಆಗುತ್ತದೆ. ಕೊನೆಗೆ 'ಬಿಟ್ಟುಬಿಡು' ಎನ್ನುವ ಬದಲು 'ಮುಂದಿನ ಗುರುವಾರದವರೆಗೆ ಏನು ಮಾಡಬಹುದು ಅನ್ಸುತ್ತೆ?' ಎಂದು ಕೇಳಿ, ಗುರುವಾರ ಮರೆಯದೆ ಮತ್ತೆ ಕರೆಯಿರಿ. ಮರೆತರೆ ಮೂರನೆಯ ಅವಕಾಶ ಸಿಗುವುದಿಲ್ಲ.

ಕುಡಿತದ ತೀವ್ರತೆ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿ ಇದೆ. ಹತ್ತು ಪ್ರಶ್ನೆ, ಮೂರು ನಿಮಿಷ, 40 ಅಂಕ. 7ರವರೆಗೆ ಮಾಹಿತಿ ಸಾಕು. 8ರಿಂದ 15 ಬಂದರೆ ಸಲಹೆ, 16ರಿಂದ 19ಕ್ಕೆ ಸಮಾಲೋಚಕರ ಜೊತೆ ಕೆಲವು ಭೇಟಿ, 20 ಮತ್ತು ಮೇಲಕ್ಕೆ ಮನೋವೈದ್ಯರು. ಗಾಂಜಾ, ಮಾತ್ರೆಗಳಿಗೆ ಅದೇ ಸಂಸ್ಥೆಯ ಅಸಿಸ್ಟ್ ಬಳಸಿ. ಅಲ್ಲಿ 4ರಿಂದ 26ಕ್ಕೆ ಕಿರು ಸಮಾಲೋಚನೆ, 27 ಮತ್ತು ಮೇಲಕ್ಕೆ ತಜ್ಞರು. ಈ ಹಾಳೆಗಳು ಸಮಾಲೋಚಕರ ಬೀರುವಿನಲ್ಲಿರಬೇಕು. ಎಚ್‌ಒಡಿ ಕೇಳಿದರೂ ಕೊಡಬಾರದು. ಸ್ಟಾಫ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಹೆಸರು ಬಿದ್ದರೆ ಸಾಕು, ಆ ವರ್ಷ ಇನ್ಯಾರೂ ನಿಮ್ಮ ಬಾಗಿಲು ತಟ್ಟುವುದಿಲ್ಲ.

ಮನೆಗೆ ಹೇಳಬೇಕೇ? 18 ತುಂಬಿದವರ ವಿಷಯದಲ್ಲಿ ಅವರ ಒಪ್ಪಿಗೆ ಪಡೆದು, ಸಾಧ್ಯವಾದರೆ ನಿಮ್ಮೆದುರೇ ಅವರೇ ಫೋನ್ ಮಾಡುವಂತೆ ನೋಡಿಕೊಳ್ಳಿ. ಜೀವಾಪಾಯ ಅಥವಾ ಆತ್ಮಹತ್ಯೆಯ ಮಾತು ಬಂದರೆ ಒಪ್ಪಿಗೆಗೆ ಕಾಯಬೇಡಿ. ಪಿಯು ಮಕ್ಕಳದು ಬೇರೆ ಲೆಕ್ಕ, ಅಲ್ಲಿ ಪೋಷಕರು ಬೇಕೇ ಬೇಕು. 18 ತುಂಬದವರ ಕೈಗೆ ಮದ್ಯ ಅಥವಾ ಮಾದಕವಸ್ತು ಕೊಟ್ಟ ದೊಡ್ಡವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಸಜೆಯಿದೆ.

ರಾತ್ರಿ ಹನ್ನೊಂದೂವರೆ, ರೂಮಿನಲ್ಲಿ ಒಬ್ಬ ಏಳುತ್ತಿಲ್ಲ

ಈ ಭಾಗವನ್ನು ಪ್ರಿಂಟ್ ತೆಗೆದು ಪ್ರತಿ ಮಹಡಿಯಲ್ಲಿ ಅಂಟಿಸಿ.

1. ಹೆಸರು ಹಿಡಿದು ಕೂಗಿ, ಹೆಗಲ ಸ್ನಾಯು ಗಟ್ಟಿಯಾಗಿ ಚಿವುಟಿ. ಕಣ್ಣು ಬಿಡದಿದ್ದರೆ ಇದು ನಿದ್ದೆಯಲ್ಲ. 108ಕ್ಕೆ ಕರೆ ಮಾಡಿ, ಆಮೇಲೆ ವಾರ್ಡನ್‌ಗೆ.

2. ಉಸಿರು ಎಣಿಸಿ. ನಿಮಿಷಕ್ಕೆ 8ಕ್ಕಿಂತ ಕಡಿಮೆ, ಎರಡು ಉಸಿರಿನ ನಡುವೆ 10 ಸೆಕೆಂಡ್ ಅಂತರ, ತುಟಿ ನೀಲಿ, ಮೈ ತಣ್ಣಗೆ, ಫಿಟ್ಸ್: ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಆಂಬ್ಯುಲೆನ್ಸ್ ತಡವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಉಸಿರೇ ನಿಂತಿದ್ದರೆ 108ರವರು ಫೋನಿನಲ್ಲಿ ಹೇಳಿದಂತೆ ತಕ್ಷಣ ಎದೆ ಒತ್ತಲು ಶುರು ಮಾಡಿ.

3. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಿಸಿ, ಬಾಯಿ ಸ್ವಲ್ಪ ಕೆಳಮುಖ. ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಆನಿಸಿಡಿ, ಹೊರಳಿ ಅಂಗಾತ ಆಗದಿರಲಿ. ಅಂಗಾತ ಮಲಗಿ ವಾಂತಿ ಮಾಡಿ, ಅದು ಶ್ವಾಸನಾಳಕ್ಕೆ ಹೋಗಿ ಸಾಯುತ್ತಾರೆ.

4. ಒಬ್ಬರು ಪಕ್ಕದಲ್ಲೇ ಎಚ್ಚರವಾಗಿರಿ. ಕೊನೆಯ ಪೆಗ್ ಮುಗಿದ ಮೇಲೂ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಏರುತ್ತಲೇ ಇರುತ್ತದೆ. 'ಮಲಗಿದ, ಬೆಳಿಗ್ಗೆ ಸರಿಹೋಗ್ತಾನೆ' ಎಂಬುದು ಅತಿ ಅಪಾಯದ ಮಾತು.

5. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ತಣ್ಣೀರು ಸುರಿಯಬೇಡಿ, ನಡೆಸಬೇಡಿ, ಮಜ್ಜಿಗೆ ಹಾಕಬೇಡಿ.

6. ಬಾಟಲಿ, ಮಾತ್ರೆಯ ಸ್ಟ್ರಿಪ್ ಏನು ಸಿಕ್ಕರೂ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರಿಗೆ ಸುಳ್ಳು ಹೇಳಬೇಡಿ. ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ಪ್ರಕರಣ) ಆಗಬಹುದು, ಆಗಲಿ.

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ ಉಸಿರು ನಿಧಾನವಾಗಿದ್ದರೆ ಅಫೀಮು ಜಾತಿಯ ಮಾತ್ರೆ ಅಥವಾ ಇಂಜೆಕ್ಷನ್ ಇರಬಹುದು. ಆಸ್ಪತ್ರೆಯಲ್ಲಿ ಅದಕ್ಕೆ ನಲೋಕ್ಸೋನ್ ಎಂಬ ಮದ್ದಿದೆ, 'ಮಾತ್ರೆ ಅನುಮಾನ' ಎಂದು ಬಾಗಿಲಲ್ಲೇ ಹೇಳಿ. ಎಂಡಿಎಂಎ ತೆಗೆದುಕೊಂಡು ಮೈ ಕೆಂಡವಾಗಿದ್ದರೆ ಒದ್ದೆ ಬಟ್ಟೆ, ಫ್ಯಾನು ಮತ್ತು ಆಸ್ಪತ್ರೆ. ಲೀಟರುಗಟ್ಟಲೆ ನೀರು ಕುಡಿಸಿದರೆ ಸೋಡಿಯಂ ಕುಸಿದು ಬೇರೆಯೇ ಅಪಾಯವಾಗುತ್ತದೆ. ಎಲ್ಲಿಂದಲೋ ತಂದ ಕಳ್ಳಭಟ್ಟಿ ಕುಡಿದು ಮರುದಿನ ಕಣ್ಣು ಮಂಜಾದರೆ ಅದು ಮೆಥನಾಲ್ ಎಂಬ ವಿಷ ಇರಬಹುದು. ಹ್ಯಾಂಗೋವರ್ ಎಂದು ಮಲಗಿದರೆ ದೃಷ್ಟಿ ಹೋಗುತ್ತದೆ, ಜೀವವೂ ಹೋಗಬಹುದು.

ಕಳಿಸುವುದು, ವಾಪಸ್ ಕರೆದುಕೊಳ್ಳುವುದು

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ, ಕನ್ನಡದಲ್ಲೂ ಸಿಗುತ್ತದೆ. ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಮಾರುವವರ ಮಾಹಿತಿ ಕೊಡಲು 1933. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇವಿಷ್ಟೂ ಸರ್ಕಾರಿ ದಾರಿಗಳು. ನಿಮ್ಮ ತಾಲ್ಲೂಕಿನ ದಿನ, ವೇಳೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಮೊದಲ ಭೇಟಿಗೆ ಚೀಟಿ ಕೊಟ್ಟು ಕಳಿಸಿದರೆ ಅರ್ಧ ಜನ ಹೋಗುವುದಿಲ್ಲ, ಯಾರಾದರೂ ಜೊತೆಗೆ ಹೋಗಬೇಕು.

ದಿನಾ ಹೆಚ್ಚು ಕುಡಿಯುತ್ತಿದ್ದವರನ್ನು ಒಮ್ಮೆಲೇ ನಿಲ್ಲಿಸಿ ಮನೆಯಲ್ಲಿ ಕೂಡಿಹಾಕುವುದು ಪೋಷಕರು ಮಾಡುವ ದೊಡ್ಡ ತಪ್ಪು. ಮೊದಲ ದಿನ ಕೈ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದಂತೆ ಮಾತಾಡುವುದು ಶುರುವಾಗಬಹುದು. ಇದಕ್ಕೆ ವೈದ್ಯರ ಮಾತ್ರೆ, ಥಯಮಿನ್ (ಬಿ1 ವಿಟಮಿನ್) ಬೇಕು. ಹಾಗೆಯೇ ಜಾಹೀರಾತು ನೋಡಿ ಬೀಗ ಹಾಕಿಡುವ 'ಡಿ-ಅಡಿಕ್ಷನ್ ಸೆಂಟರ್'ಗೆ ಎತ್ತಿಹಾಕುವ ಮೊದಲು ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಲು ಕೇಳಿ. ತೋರಿಸದಿದ್ದರೆ ಅಲ್ಲಿಂದಲೇ ಹಿಂದಿರುಗಿ.

ಮೂತ್ರ ಪರೀಕ್ಷೆಯ ಕಿಟ್ ತಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಉತ್ಸಾಹ ಈಚೆಗೆ ಹೆಚ್ಚಿದೆ. ಗಾಂಜಾ ಒಮ್ಮೆ ಸೇದಿದರೆ ಸುಮಾರು ಮೂರು ದಿನ, ದಿನಾ ಸೇದುವವರಲ್ಲಿ ತಿಂಗಳವರೆಗೂ ಪಾಸಿಟಿವ್ ಬರುತ್ತದೆ. ಅಪಾಯ ಹೆಚ್ಚಿರುವ ಎಂಡಿಎಂಎ ಎರಡು ನಾಲ್ಕು ದಿನದಲ್ಲಿ ಮಾಯ, ಮದ್ಯ ಇನ್ನೂ ಬೇಗ. ಕಿಟ್‌ಗೆ ಸಿಗದಿರುವುದರ ಕಡೆಗೆ ಹುಡುಗರು ಹೊರಳುತ್ತಾರೆ. ಕೆಲವು ಮಾಮೂಲಿ ಔಷಧಿಗೂ ಕಿಟ್ ಸುಳ್ಳು ಪಾಸಿಟಿವ್ ತೋರಿಸುವುದರಿಂದ ಲ್ಯಾಬ್ ಖಚಿತಪಡಿಸದೆ ಯಾರ ಮೇಲೂ ಕ್ರಮ ಕೂಡದು.

ಚಿಕಿತ್ಸೆ ಮುಗಿಸಿ ಬಂದವರಿಗೆ ಹಾಜರಾತಿ ಕೊರತೆಯ ನೆಪದಲ್ಲಿ ವರ್ಷ ಕಳೆಸಬೇಡಿ. ವೈದ್ಯಕೀಯ ರಜೆಯ ಅರ್ಜಿಗೆ 'ಅನಾರೋಗ್ಯ' ಎಂಬ ಒಂದು ಪದ ಸಾಕು, ಕಾಯಿಲೆಯ ಹೆಸರು ಬೇಕಿಲ್ಲ. ಹಳೆಯ ರೂಮಿಗೇ ಕಳಿಸದೆ ಬೇರೆ ಮಹಡಿಯಲ್ಲಿ, ಕುಡಿಯದ ರೂಮ್‌ಮೇಟ್ ಜೊತೆ ಹಾಕಿ. ಮೊದಲ ತಿಂಗಳು ಶನಿವಾರ ಸಂಜೆ ಮೆಂಟರ್ ಐದು ನಿಮಿಷ ಫೋನ್ ಮಾಡಲಿ. ನಡುವೆ ಒಮ್ಮೆ ಜಾರಿದರೆ ಶುರುವಿನಿಂದ ಎಣಿಸುವುದು ಬೇಡ. ಆ ದಿನ ಯಾರ ಜೊತೆಗಿದ್ದ, ಜೇಬಿನಲ್ಲಿ ಎಷ್ಟು ದುಡ್ಡಿತ್ತು, ಊಟ ಮಾಡಿದ್ದನೇ ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ಶನಿವಾರದ ಏರ್ಪಾಡು ಆ ಮೂರು ಉತ್ತರಗಳ ಮೇಲೆ ನಿಂತಿದೆ.